ಪೊಕೆಮಾನ್ ಬ್ಯಾಟಲ್: ಟೀಮ್‌ನಲ್ಲಿ ಗೋಡೆ ಇದ್ದರೂ ಸೋಲೋದ್ಯಾಕೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಸ್ವಲ್ಪ ಲೆಕ್ಕ ಇದೆ. ಹೆದರಬೇಡಿ, ಕೂಡೋ ಕಳೆಯೋ ಲೆಕ್ಕ ಅಷ್ಟೇ.

ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ: "ಅಣ್ಣ, ನನ್ನ ಟೀಮ್‌ನಲ್ಲಿ ಎಲ್ಲಾ ಹೊಡೆಯೋವೇ ಇದ್ವು. ಒಂದು ಔಟ್ ಆದ್ರೆ ಸಾಲಾಗಿ ಎಲ್ಲಾ ಹೋಗ್ತಿದ್ವು. ಅದಕ್ಕೇ ಬ್ಲಿಸ್ಸಿ ಹಾಕ್ಕೊಂಡೆ. ಆದ್ರೂ ಸೋಲ್ತಾನೇ ಇದ್ದೀನಿ. ಯಾಕೆ?"

ಒಳ್ಳೆ ಪ್ರಶ್ನೆ. ಏಟು ತಡೆದುಕೊಳ್ಳೋ ಇಂಥ ಪೊಕೆಮಾನ್‌ಗೆ ಆಟಗಾರರು ವಾಲ್ ಅಂತಾರೆ, ಅಂದ್ರೆ ಗೋಡೆ. ವಾಲ್ ಅಂದ ತಕ್ಷಣ ನಮಗೆ ರಾಹುಲ್ ದ್ರಾವಿಡ್ ನೆನಪಾಗ್ತಾರೆ. 2003ರ ಅಡಿಲೇಡ್ ಟೆಸ್ಟ್‌ನಲ್ಲಿ ಅವರು ಮೊದಲ ಇನಿಂಗ್ಸ್‌ನಲ್ಲಿ 233, ಎರಡನೆಯದರಲ್ಲಿ ಔಟಾಗದೆ 72 ಹೊಡೆದು ಪಂದ್ಯ ಗೆಲ್ಲಿಸಿಕೊಟ್ಟರು. ಬರೀ ಬ್ಲಾಕ್ ಮಾಡ್ತಾ ನಿಂತಿದ್ದರೆ ಅದು ಆಗ್ತಿತ್ತಾ? ಇಲ್ಲ. ಪೊಕೆಮಾನ್ ಗೋಡೆಗೂ ಇದೇ ಮಾತು.

ಮೊದಲು ಬ್ಲಿಸ್ಸಿಯ ಲೆಕ್ಕ

ಬ್ಲಿಸ್ಸಿಯ ಮೂಲ ಅಂಕಿ ನೋಡಿ. ಎಚ್‌ಪಿ 255, ಸ್ಪೆಷಲ್ ಡಿಫೆನ್ಸ್ 135, ಆದರೆ ಡಿಫೆನ್ಸ್ ಬರೀ 10! ಬೆಂಕಿ, ಮಿಂಚಿನಂಥ ಸ್ಪೆಷಲ್ ಏಟನ್ನು ನಗುನಗುತ್ತಾ ತಿನ್ನುತ್ತೆ. ಮೈಗೆ ತಾಗೋ ಫಿಸಿಕಲ್ ಏಟು ಬಿದ್ರೆ ಕಷ್ಟ.

ಈಗ ಇವಿ, ಅಂದ್ರೆ ಎಫರ್ಟ್ ವ್ಯಾಲ್ಯೂ. ಒಂದು ಪೊಕೆಮಾನ್‌ಗೆ ಒಟ್ಟು 510, ಒಂದೇ ಅಂಕಿಗೆ ಹೆಚ್ಚೆಂದರೆ 252 ಕೊಡಬಹುದು. "ಎಚ್‌ಪಿ ಇದರ ಶಕ್ತಿ, ಅದನ್ನೇ ಇನ್ನೂ ಏರಿಸೋಣ" ಅಂತ ಅನಿಸೋದು ಸಹಜ. ಲೆವೆಲ್ 100ರಲ್ಲಿ ಏನಾಗುತ್ತೆ ನೋಡಿ. ಎಚ್‌ಪಿಗೆ 252 ಸುರಿದರೆ 651 ಇದ್ದದ್ದು 714 ಆಗುತ್ತೆ. ನೂರಕ್ಕೆ ಹತ್ತರಷ್ಟು ಲಾಭ. ಅದೇ 252 ಅನ್ನು ಡಿಫೆನ್ಸ್‌ಗೆ ಹಾಕಿದರೆ 56 ಇದ್ದದ್ದು 119. ಬೋಲ್ಡ್ ನೇಚರ್ ಕೂಡ ಸೇರಿಸಿದರೆ 130. ಎರಡು ಪಟ್ಟಿಗಿಂತ ಜಾಸ್ತಿ! ಅಂದ್ರೆ ಬ್ಲಿಸ್ಸಿ ವಿಷಯದಲ್ಲಿ ಗಟ್ಟಿ ಇರೋ ಕಡೆ ಗಾರೆ ಮೆತ್ತೋದಕ್ಕಿಂತ ಬಿರುಕು ಇರೋ ಕಡೆ ಮೆತ್ತೋದೇ ಲಾಭ.

ಇನ್ನೊಂದು ಲೆಕ್ಕ. ಸಾಫ್ಟ್ ಬಾಯಿಲ್ಡ್ ಅನ್ನೋ ಮೂವ್ ಒಂದು ಸಲಕ್ಕೆ ಅರ್ಧ ಎಚ್‌ಪಿ ವಾಪಸ್ ಕೊಡುತ್ತೆ. ಎದುರಾಳಿಯ ಒಂದು ಏಟಿಗೆ ಅರ್ಧಕ್ಕಿಂತ ಕಡಿಮೆ ಹೋಗ್ತಿದ್ದರೆ ನೀವು ನಿಲ್ಲಬಹುದು. ಅರ್ಧಕ್ಕಿಂತ ಜಾಸ್ತಿ ಹೋಗ್ತಿದ್ದರೆ ಎಷ್ಟು ಸಲ ವಾಸಿ ಮಾಡಿಕೊಂಡರೂ ಸಾವು ಮುಂದೂಡಿದಂತೆ ಅಷ್ಟೇ, ಬೇಗ ಬದಲಿಸಿ. ಸ್ಕಾರ್ಲೆಟ್–ವೈಲೆಟ್ ಬಂದ ಮೇಲೆ ಇದರ ಪಿಪಿಯನ್ನು 10ರಿಂದ 5ಕ್ಕೆ ಇಳಿಸಿದ್ದಾರೆ. ಪಿಪಿ ಅಪ್ ಎಲ್ಲಾ ಹಾಕಿದರೂ ಎಂಟೇ ಸಲ. ಮೊದಲಿನ ಹಾಗೆ ಗಂಟೆಗಟ್ಟಲೆ ಕೂರೋಕೆ ಆಗಲ್ಲ.

ಸೋಲಿನ ನಿಜವಾದ ಕಾರಣ

ಹಾಗಾದ್ರೆ ನಮ್ಮ ಕೇಳುಗರು ಯಾಕೆ ಸೋಲ್ತಿದ್ದಾರೆ? ನನ್ನ ಪ್ರಕಾರ ಕಾರಣ ಪುಕ್ಕಟೆ ಟರ್ನ್. ನೀವು ಬ್ಲಿಸ್ಸಿ ಇಳಿಸಿದಿರಿ, ಎದುರಾಳಿ ಗಾರ್ಚಾಂಪ್ ತಂದ. ಬ್ಲಿಸ್ಸಿಯಿಂದ ತನಗೆ ದೊಡ್ಡ ಏಟು ಬೀಳಲ್ಲ ಅಂತ ಅವನಿಗೆ ಗೊತ್ತು. ಆರಾಮಾಗಿ ಸ್ವೋರ್ಡ್ಸ್ ಡ್ಯಾನ್ಸ್ ಮಾಡಿ ಅಟ್ಯಾಕ್ ಎರಡು ಪಟ್ಟು ಮಾಡ್ಕೋತಾನೆ. ಆಮೇಲೆ ಒಂದೊಂದಾಗಿ ಎಲ್ಲಾ ಉದುರಿಸ್ತಾನೆ. ಬ್ಲಿಸ್ಸಿ ಸಾಯಲಿಲ್ಲ ನಿಜ, ಆದರೆ ಪಂದ್ಯ ಅಲ್ಲೇ ಹೋಯ್ತು.

ಅದಕ್ಕೆ ಗೋಡೆಗೂ ಒಂದು ಕೆಲಸ ಕೊಡಬೇಕು. ಸ್ಟೆಲ್ತ್ ರಾಕ್ ಹಾಕಿಸಿ. ಆಮೇಲೆ ಎದುರಾಳಿ ಪೊಕೆಮಾನ್ ಬದಲಿಸಿದಾಗಲೆಲ್ಲ ಬಂದದ್ದರ ಎಚ್‌ಪಿ ಎಂಟನೇ ಒಂದು ಭಾಗ ಹೋಗುತ್ತೆ. ಚಾರಿಜಾರ್ಡ್‌ನಂಥದ್ದಕ್ಕೆ ಅರ್ಧಕ್ಕರ್ಧ! ಅಥವಾ ಸೈಸ್ಮಿಕ್ ಟಾಸ್ ಕೊಡಿ. ಅಟ್ಯಾಕ್ ಅಂಕಿ ಎಷ್ಟೇ ಇರಲಿ, ಲೆವೆಲ್ 100ರಲ್ಲಿ ಸರಿಯಾಗಿ 100 ಎಚ್‌ಪಿ ಕಿತ್ತುಕೊಳ್ಳುತ್ತೆ. ಗೋಸ್ಟ್ ಟೈಪ್‌ಗೆ ಮಾತ್ರ ತಾಗಲ್ಲ.

ಒಂದೇ ಗೋಡೆಗೆ ಮನೆ ನಿಲ್ಲಲ್ಲ

ಬ್ಲಿಸ್ಸಿಗೆ ಹಳೇ ಜೋಡಿ ಸ್ಕಾರ್ಮರಿ. ಎರಡೂ ಬಂದದ್ದು 1999ರ ಗೋಲ್ಡ್–ಸಿಲ್ವರ್ ಆಟದಲ್ಲಿ. ಸ್ಕಾರ್ಮರಿ ಸ್ಟೀಲ್ ಮತ್ತು ಫ್ಲೈಯಿಂಗ್, ಡಿಫೆನ್ಸ್ 140. ಗಾರ್ಚಾಂಪ್‌ನ ಅರ್ಥ್‌ಕ್ವೇಕ್ ಇದಕ್ಕೆ ತಾಗೋದೇ ಇಲ್ಲ. ಮೇಲಿಂದ ವರ್ಲ್‌ವಿಂಡ್ ಬೀಸಿದರೆ ಗಾರ್ಚಾಂಪ್ ಆಚೆ, ಮಾಡಿಕೊಂಡ ಸ್ವೋರ್ಡ್ಸ್ ಡ್ಯಾನ್ಸ್ ನೀರಲ್ಲಿ ಹೋಮ. ಸ್ಕಾರ್ಮರಿಗೆ ಹೆದರಿಕೆ ಬೆಂಕಿ ಮತ್ತು ಮಿಂಚು. ಅವು ಹೆಚ್ಚಾಗಿ ಸ್ಪೆಷಲ್ ಏಟುಗಳು, ಅದಕ್ಕೆ ಬ್ಲಿಸ್ಸಿ ಇದ್ದೇ ಇದೆ. ಒಂದರ ಕೊರತೆ ಇನ್ನೊಂದು ತುಂಬುತ್ತೆ.

ಆದರೂ ಎಚ್ಚರ ಇರಲಿ. ಟಾಂಟ್ ಬಿದ್ದರೆ ಮೂರು ಟರ್ನ್ ವಾಸಿ ಮಾಡ್ಕೊಳ್ಳೋ ಮೂವ್ ನಡೆಯಲ್ಲ. ನಾಕ್ ಆಫ್ ಕೈಲಿರೋ ಐಟಂ ಉದುರಿಸುತ್ತೆ. ಸೈಶಾಕ್ ಸ್ಪೆಷಲ್ ಏಟೇ, ಆದರೆ ಲೆಕ್ಕ ಹಾಕೋದು ಡಿಫೆನ್ಸ್ ಮೇಲೆ. ಬ್ಲಿಸ್ಸಿಗೆ ಅದು ಬೆನ್ನಿಗೆ ಚೂರಿ.

ಡಬಲ್ಸ್ ಆಡೋರಿಗೆ

ಇಬ್ಬರಿಬ್ಬರು ಇಳಿಯೋ ಡಬಲ್ಸ್‌ನಲ್ಲಿ ರಕ್ಷಣೆ ಅಂದ್ರೆ ಪಕ್ಕದವರನ್ನು ಕಾಯೋದೂ ಹೌದು. 2014ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್ ತಂಡದಲ್ಲಿ ಪಚಿರಿಸು ಇತ್ತು. ಅಳಿಲಿನಂಥ ಪುಟ್ಟ ಪೊಕೆಮಾನ್, ಎಚ್‌ಪಿ 60. ಆದರೆ ಅದು ಫಾಲೋ ಮಿ ಮಾಡಿ ಪಕ್ಕದ ಗ್ಯಾರಡೋಸ್‌ಗೆ ಬೀಳಬೇಕಾದ ಏಟನ್ನು ತನ್ನ ಮೇಲೆ ಎಳೆದುಕೊಳ್ಳುತ್ತೆ. ಆ ಏಟು ಮಿಂಚಿನದ್ದಾದರೆ ವೋಲ್ಟ್ ಅಬ್ಸಾರ್ಬ್ ಇರೋದರಿಂದ ಎಚ್‌ಪಿ ಏರುತ್ತೆ! ಇಬ್ಬರಿಗೂ ಒಟ್ಟಿಗೆ ಬೀಳೋ ಅರ್ಥ್‌ಕ್ವೇಕ್‌ನಂಥದ್ದನ್ನು ಮಾತ್ರ ತಡೆಯೋಕೆ ಆಗಲ್ಲ.

ಕೇಳುಗ ಗೆಳೆಯರಿಗೆ ನನ್ನ ಉತ್ತರ ಇಷ್ಟು: ಬ್ಲಿಸ್ಸಿ ತೆಗೀಬೇಡಿ. ಡಿಫೆನ್ಸ್‌ಗೆ ಇವಿ ಹಾಕಿ, ಸ್ಟೆಲ್ತ್ ರಾಕ್ ಕಲಿಸಿ, ಜೊತೆಗೆ ಸ್ಕಾರ್ಮರಿಯಂಥ ಒಂದು ಇಡಿ. ಪ್ರತಿ ಟರ್ನ್‌ಗೆ ಮುಂಚೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ, "ನಾನು ಇಲ್ಲೇ ನಿಂತರೆ ಎದುರಿನವನು ಪುಕ್ಕಟೆ ಏನು ಮಾಡ್ಕೋಬಹುದು?" ಉತ್ತರ ಭಯ ಹುಟ್ಟಿಸಿದರೆ ಬದಲಿಸಿ. ಹತ್ತು ಪಂದ್ಯ ಆಡಿ, ಏನಾಯ್ತು ಅಂತ ಮತ್ತೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.