ಮಲಬದ್ಧತೆಗೆ ನರಪ್ರಚೋದನೆ: ಭರವಸೆ ಎಷ್ಟು, ಫಲ ಎಷ್ಟು?

ದೇಹವನ್ನು ದೇವಾಲಯವೆಂದು ಬಗೆದವರು ನಮ್ಮ ಶರಣರು. ಶೌಚ, ಸ್ನಾನಗಳನ್ನು ಮುಗಿಸಿ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವುದು ನಮ್ಮ ಮನೆಗಳ ರೂಢಿ. ಆದರೆ ಹೊಟ್ಟೆ ಹಗುರಾಗದೆ, ಪೂಜೆಯಲ್ಲಿ ಮನಸ್ಸು ನಿಲ್ಲದೆ ತೊಳಲುವ ಹಿರಿಯರು ಎಷ್ಟೋ ಮಂದಿ. ಸಂಕೋಚದಿಂದ ಅವರು ಈ ಬಾಧೆಯನ್ನು ಮಗ-ಸೊಸೆಯರ ಮುಂದೆಯೂ ಹೇಳಿಕೊಳ್ಳದೆ, ಭೇದಿಯ ಮಾತ್ರೆಗಳನ್ನು ನುಂಗುತ್ತ ವರ್ಷಗಳನ್ನು ಕಳೆಯುತ್ತಾರೆ.

ವಾರಕ್ಕೆ 3ಕ್ಕಿಂತ ಕಡಿಮೆ ಬಾರಿ ಮಲವಿಸರ್ಜನೆ, ಗಟ್ಟಿಯಾದ ಮಲ, ತಿಣುಕಾಟ, ಪೂರ್ತಿ ತೆರವಾಗಲಿಲ್ಲವೆಂಬ ಭಾವನೆ ಇವು ತಿಂಗಳುಗಟ್ಟಲೆ ಮುಂದುವರಿದರೆ ಅದು ದೀರ್ಘಕಾಲದ ಮಲಬದ್ಧತೆ. ಔಷಧಿಗಳಿಗೆ ಬಗ್ಗದ ಇಂಥ ಬಾಧೆಗೆ ವೈದ್ಯರು ಪ್ರಯೋಗಿಸಿ ನೋಡಿದ ಉಪಾಯಗಳಲ್ಲಿ ನರಪ್ರಚೋದನೆಯೂ ಒಂದು.

ಕರುಳಿನ ಕೊನೆಯ ಭಾಗಕ್ಕೂ ಮೂತ್ರಕೋಶಕ್ಕೂ ಹೋಗುವ ನರಗಳು ಬೆನ್ನುಮೂಳೆಯ ತಳದಲ್ಲಿರುವ ತ್ರಿಕಾಸ್ಥಿಯ ರಂಧ್ರಗಳಿಂದ ಹೊರಬರುತ್ತವೆ. ಆ ನರದ ಬಳಿ ತೆಳುವಾದ ತಂತಿಯೊಂದನ್ನು ಇರಿಸಿ, ಅಲ್ಪ ಪ್ರಮಾಣದ ವಿದ್ಯುತ್ತನ್ನು ಹಾಯಿಸುತ್ತಾರೆ. ಮೊದಲ ಕೆಲವು ವಾರ ಯಂತ್ರವನ್ನು ಹೊರಗೇ ಇಟ್ಟು ಪರೀಕ್ಷಿಸುತ್ತಾರೆ. ಗುಣ ಕಂಡರೆ ಪುಟ್ಟ ಯಂತ್ರವನ್ನು ಪೃಷ್ಠದ ಚರ್ಮದ ಕೆಳಗೆ ಹುದುಗಿಸುತ್ತಾರೆ. ಮೂತ್ರ ತಡೆಯಲಾಗದ ತೊಂದರೆಗೆ ಈ ವಿಧಾನವನ್ನು ಅಮೆರಿಕವು 1997ರಲ್ಲಿಯೂ, ಮಲ ತಡೆಯಲಾಗದ ತೊಂದರೆಗೆ 2011ರಲ್ಲಿಯೂ ಅಂಗೀಕರಿಸಿತು.

ಮಲಬದ್ಧತೆಯ ಕಥೆ ಬೇರೆ. ಯುರೋಪಿನ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 62 ರೋಗಿಗಳ ಪೈಕಿ 45 ಮಂದಿಗೆ ಯಂತ್ರವನ್ನು ಶಾಶ್ವತವಾಗಿ ಅಳವಡಿಸಲಾಯಿತು. 39 ಮಂದಿಗೆ ಗುಣ ಕಂಡಿತು. ಇದರಿಂದ ಆಸೆ ಚಿಗುರಿದ್ದು ಸಹಜ. ಆದರೆ ಅಲ್ಲಿ ಹೋಲಿಕೆಗೆ ಬೇರೊಂದು ಗುಂಪು ಇರಲಿಲ್ಲ. ಮುಂದೆ 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪರೀಕ್ಷೆಯಲ್ಲಿಯೂ 2017ರಲ್ಲಿ ಪ್ರಕಟವಾದ ಫ್ರಾನ್ಸಿನ ಪರೀಕ್ಷೆಯಲ್ಲಿಯೂ, ರೋಗಿಗೆ ತಿಳಿಯದಂತೆ ಯಂತ್ರವನ್ನು ಕೆಲವು ಕಾಲ ನಡೆಸಿ, ಕೆಲವು ಕಾಲ ನಿಲ್ಲಿಸಿ ನೋಡಲಾಯಿತು. ಎರಡು ಸ್ಥಿತಿಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಗುಣ ಕಂಡೆನೆಂದವರು ಸುಳ್ಳಾಡಿದರೆಂದಲ್ಲ. ಆರೈಕೆಯೂ ನಂಬಿಕೆಯೂ ಕೆಲಮಟ್ಟಿಗೆ ದೇಹವನ್ನು ಸಂತೈಸುತ್ತವೆ. ಆದರೆ ಯಂತ್ರಕ್ಕೆ ತಗಲುವ ವೆಚ್ಚ ದೊಡ್ಡದು. ನೋವು, ಸೋಂಕು, ತಂತಿ ಸ್ಥಳ ಬದಲಿಸುವುದು, ಮರುಶಸ್ತ್ರಕ್ರಿಯೆ ಇವೂ ಉಂಟು. ಆದಕಾರಣ ಇದಕ್ಕಾಗಿ ಹೊಲ ಅಡವಿಡುವ ಮುನ್ನ ಎರಡನೆಯ ವೈದ್ಯರ ಅಭಿಪ್ರಾಯ ಪಡೆಯುವುದು ವಿವೇಕ.

ಮೊದಲು ಕಾರಣವನ್ನು ಹುಡುಕಬೇಕು. ಥೈರಾಯ್ಡ್ ಕೊರತೆ, ಮಧುಮೇಹ, ಕಬ್ಬಿಣಾಂಶದ ಮಾತ್ರೆ, ಕೆಲವು ನೋವುನಿವಾರಕ ಹಾಗೂ ರಕ್ತದೊತ್ತಡದ ಔಷಧಿಗಳು ಮಲವನ್ನು ಕಟ್ಟಿಸುತ್ತವೆ. ಕೆಲವರಲ್ಲಿ ತಿಣುಕುವಾಗ ಸಡಿಲಬೇಕಾದ ಸ್ನಾಯುಗಳೇ ಬಿಗಿಯುತ್ತವೆ. ಅವರಿಗೆ ಬಯೋಫೀಡ್‌ಬ್ಯಾಕ್ ಎಂಬ ಸ್ನಾಯು ತರಬೇತಿ ಬಹಳ ಉಪಕಾರಿ. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಹೆಸರುಕಾಳು, ಸಾಕಷ್ಟು ನೀರು ಅನೇಕರಿಗೆ ಹಿತ. ಉಪಾಹಾರದ ನಂತರ ಕರುಳಿನ ಚಲನೆ ಸಹಜವಾಗಿ ಹೆಚ್ಚುವುದರಿಂದ ಆಗ ಬರುವ ಕರೆಯನ್ನು ತಡೆಯಬಾರದು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, 50 ದಾಟಿದ ಮೇಲೆ ಹೊಸದಾಗಿ ತಲೆದೋರಿದ ಮಲಬದ್ಧತೆ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಮನೆಯ ಹಿರಿಯರು ತಾವಾಗಿ ಹೇಳಲಾರರು. ಮಕ್ಕಳೇ ಮೆಲ್ಲನೆ ವಿಚಾರಿಸಲಿ. ಆ ಒಂದು ಮಾತೂ ಸೇವೆಯೇ ಸರಿ.