ಯಂತ್ರಕ್ಕೆ ದುಡ್ಡಿದೆ, ನೋಡಿಕೊಳ್ಳುವವರಿಗೆ ಸಂಬಳವಿಲ್ಲ

ನಮ್ಮ ಅನೇಕ ಸರ್ಕಾರಿ ವಿಶ್ವವಿದ್ಯಾಲಯಗಳ ವಿಜ್ಞಾನ ವಿಭಾಗದಲ್ಲಿ ಅಂಥದ್ದೊಂದು ಕೋಣೆ ಇರುತ್ತದೆ. ಬಾಗಿಲ ಪಕ್ಕ ಉದ್ಘಾಟನೆಯ ಕಲ್ಲು, ಅದರ ಮೇಲೆ ಸಚಿವರ, ಕುಲಪತಿಗಳ ಹೆಸರು. ಒಳಗೆ ಪ್ಲಾಸ್ಟಿಕ್ ಹೊದಿಕೆ ಹೊದ್ದು ಮಲಗಿರುವ ಯಂತ್ರ. "ಇದು ಕೆಲಸ ಮಾಡ್ತಿದೆಯಾ?" ಅಂತ ಕೇಳಿದರೆ ಸಿಗುವ ಉತ್ತರಗಳು ಎರಡೇ: "ಎಎಂಸಿ ಮುಗಿದಿದೆ", ಇಲ್ಲವೇ "ಆಪರೇಟ್ ಮಾಡ್ತಿದ್ದವರು ಬಿಟ್ಟು ಹೋದ್ರು".

ವಿಜ್ಞಾನಕ್ಕೆ ಸರ್ಕಾರ ಹಣ ಕೊಡಲ್ಲ ಅನ್ನುವ ದೂರು ಹಳೆಯದು, ಬಹುಪಾಲು ನಿಜವೂ ಹೌದು. ಆದರೆ ಕೊಟ್ಟ ಹಣವೂ ಹೇಗೆ ನೀರಲ್ಲಿ ಹೋಮವಾಗುತ್ತದೆ ಅನ್ನುವುದು ಚರ್ಚೆಯಾಗುವುದು ಕಡಿಮೆ. ಅದನ್ನು ಅರ್ಥ ಮಾಡಿಕೊಳ್ಳಲು ಒಂದೇ ಒಂದು ಯಂತ್ರವನ್ನು ಹಿಡಿದು ನೋಡೋಣ. ಅದರ ಹೆಸರು ಫ್ಲೋ ಸೈಟೋಮೀಟರ್.

ಸರಳವಾಗಿ ಹೇಳಬೇಕಂದ್ರೆ, ಇದು ಜೀವಕೋಶಗಳನ್ನು ಒಂದೊಂದಾಗಿ ಸಾಲಿನಲ್ಲಿ ಓಡಿಸಿ ಎಣಿಸುವ, ಗುರುತಿಸುವ ಯಂತ್ರ. ರಕ್ತದಂಥ ಮಾದರಿಯನ್ನು ಉಪ್ಪುನೀರಿನ ಧಾರೆಯೊಳಗೆ ತೆಳ್ಳನೆಯ ಎಳೆಯಾಗಿ ಹರಿಸಿ, ಅದಕ್ಕೆ ಅಡ್ಡಲಾಗಿ ಲೇಸರ್ ಬಿಡುತ್ತಾರೆ. ಕೋಶ ಹಾದುಹೋದಾಗ ಬೆಳಕು ಚದುರುತ್ತದೆ. ಮುಂದಕ್ಕೆ ಚದುರಿದ್ದು ಅದರ ಗಾತ್ರದ ಅಂದಾಜು ಕೊಟ್ಟರೆ, ಪಕ್ಕಕ್ಕೆ ಚದುರಿದ್ದು ಒಳಗಿನ ರಚನೆ ಎಷ್ಟು ಒರಟು ಅನ್ನುವುದನ್ನು ಹೇಳುತ್ತದೆ. ಕೋಶದ ಮೇಲಿನ ಬೇರೆ ಬೇರೆ ಪ್ರೋಟೀನುಗಳಿಗೆ ಮೊದಲೇ ಬಣ್ಣದ ಪ್ರತಿಕಾಯಗಳನ್ನು ಅಂಟಿಸಿರುವುದರಿಂದ, ಯಾವ ಬಣ್ಣ ಹೊಳೆಯಿತು ಅನ್ನುವುದರ ಮೇಲೆ ಅದು ಯಾವ ಜಾತಿಯ ಕೋಶ ಅಂತಲೂ ಗೊತ್ತಾಗುತ್ತದೆ. ಸೆಕೆಂಡಿಗೆ ಸಾವಿರಾರು ಕೋಶಗಳ ಲೆಕ್ಕ. ಎಚ್‌ಐವಿ ಇರುವವರ ಸಿಡಿ4 ಕೌಂಟ್ ನೋಡುವುದು ಹೆಚ್ಚಾಗಿ ಇದರಿಂದಲೇ. ರಕ್ತದ ಕ್ಯಾನ್ಸರ್ ಯಾವ ಬಗೆಯದು ಅಂತ ವೈದ್ಯರು ತೀರ್ಮಾನಿಸಲು, ಚಿಕಿತ್ಸೆಯ ನಂತರ ಎಷ್ಟು ಉಳಿದಿದೆ ಅಂತ ಹುಡುಕಲು ಕೂಡ ಇದೇ ಬೇಕು.

ಇದರ ದೊಡ್ಡಣ್ಣ ಸೆಲ್ ಸಾರ್ಟರ್. ಅದು ಎಣಿಸುವುದಷ್ಟೇ ಅಲ್ಲ, ಬೇಕಾದ ಕೋಶವನ್ನು ಹನಿಯಲ್ಲಿ ಹಿಡಿದು, ಆ ಹನಿಗೆ ವಿದ್ಯುತ್ ಆವೇಶ ಕೊಟ್ಟು ಬೇರೆ ಟ್ಯೂಬಿಗೆ ಬೀಳಿಸುತ್ತದೆ. 1965ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಮ್ಯಾಕ್ ಫುಲ್‌ವೈಲರ್ ಇದನ್ನು ಮಾಡಿ ತೋರಿಸಿದಾಗ ಹನಿ ತಿರುಗಿಸುವ ಉಪಾಯವನ್ನು ತೆಗೆದುಕೊಂಡದ್ದು ಇಂಕ್‌ಜೆಟ್ ತಂತ್ರದಿಂದ. ಮುಂದೆ ಸ್ಟ್ಯಾನ್‌ಫರ್ಡ್‌ನ ಲೆನ್ ಹರ್ಜೆನ್‌ಬರ್ಗ್ ತಂಡ ಅದಕ್ಕೆ ಬಣ್ಣದ ಪ್ರತಿಕಾಯಗಳನ್ನು ಜೋಡಿಸಿತು.

ಈಗ ಬೆಲೆಗೆ ಬರೋಣ. ಸಾಧಾರಣ ಮಾದರಿಗೇ ಹತ್ತಾರು ಲಕ್ಷ. ಸಾರ್ಟರ್ ಆದರೆ ಕೋಟಿಗಳಲ್ಲಿ ಮಾತು. ಒಬ್ಬ ಪ್ರಾಧ್ಯಾಪಕರು ತಮ್ಮ ಲ್ಯಾಬಿಗಂತಲೇ ಕೊಳ್ಳುವುದು ಅಸಾಧ್ಯ, ಕೊಂಡರೂ ದಿನಕ್ಕೆ ಒಂದು ಗಂಟೆ ಬಳಸಿ ಉಳಿದ ಹೊತ್ತು ಸುಮ್ಮನಿಡಬೇಕು. ಹಾಗಾಗಿ ಹಂಚಿಕೊಂಡು ಬಳಸುವ ಕೇಂದ್ರಗಳು ಬೇಕು. ತರ್ಕ ಸರಿಯಾಗಿಯೇ ಇದೆ. ತೊಂದರೆ ಶುರುವಾಗುವುದು ಯಂತ್ರ ಬಂದ ಮೇಲೆ.

ಫ್ಲೋ ಸೈಟೋಮೀಟರಿನ ಜೀವ ಇರುವುದು ಅದರ ಕೊಳವೆಗಳಲ್ಲಿ. ಸಾರ್ಟರಿನ ನಳಿಕೆಯ ಬಾಯಿ ಸಾಮಾನ್ಯವಾಗಿ 70ರಿಂದ 100 ಮೈಕ್ರಾನ್, ಅಂದರೆ ಹೆಚ್ಚುಕಮ್ಮಿ ನಿಮ್ಮ ತಲೆಗೂದಲಿನ ದಪ್ಪ. ಸರಿಯಾಗಿ ಸೋಸದ ಮಾದರಿಯಲ್ಲಿ ನಾಲ್ಕಾರು ಕೋಶ ಒಟ್ಟಿಗೆ ಅಂಟಿಕೊಂಡಿದ್ದರೆ ಸಾಕು, ಕಟ್ಟಿಕೊಳ್ಳುತ್ತದೆ. ಸಂಜೆ ಬಳಸಿದವರು ಬ್ಲೀಚ್ ಹರಿಸಿ, ಆಮೇಲೆ ಶುದ್ಧ ನೀರು ಹರಿಸಿ ನಿಲ್ಲಿಸದಿದ್ದರೆ ಒಳಗೆ ಉಪ್ಪು ಹರಳುಗಟ್ಟುತ್ತದೆ. ಪ್ರತಿದಿನ ಬೆಳಿಗ್ಗೆ ಗೊತ್ತಿರುವ ಹೊಳಪಿನ ಪುಟ್ಟ ಮಣಿಗಳನ್ನು ಓಡಿಸಿ, ಯಂತ್ರ ನಿನ್ನೆ ಕೊಟ್ಟ ಅಂಕಿಯನ್ನೇ ಇವತ್ತೂ ಕೊಡುತ್ತಿದೆಯಾ ಅಂತ ಪರೀಕ್ಷಿಸಬೇಕು. ಎಸಿ ಕೈಕೊಟ್ಟು ಕೋಣೆ ಬಿಸಿಯಾದರೆ ಲೇಸರಿನ ಜೋಡಣೆ ತುಸು ಸರಿಯಬಹುದು, ಆಗ ಅಂಕಿಯೂ ಸರಿಯುತ್ತದೆ. ನಿಂತುಹೋದ ಯಂತ್ರಕ್ಕಿಂತ ಇದು ಅಪಾಯಕಾರಿ: ಅದು ಓಡುತ್ತಿರುತ್ತದೆ, ತಪ್ಪು ಹೇಳುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಇದನ್ನೆಲ್ಲ ಗಮನಿಸುವುದು ಒಬ್ಬ ಮನುಷ್ಯ. ಪೂರ್ತಿ ಹೊತ್ತಿನ, ತರಬೇತಿ ಪಡೆದ ಆಪರೇಟರ್. ಗುಂಡಿ ಒತ್ತುವುದಷ್ಟೇ ಇವರ ಕೆಲಸ ಅಂದುಕೊಳ್ಳಬೇಡಿ. ಹೊಸ ವಿದ್ಯಾರ್ಥಿಗೆ ಯಾವ ಬಣ್ಣದ ಜೊತೆ ಯಾವ ಬಣ್ಣ ಹಾಕಬಾರದು ಅಂತ ಹೇಳಿಕೊಡುವವರು, ಒಂದು ಬಣ್ಣದ ಬೆಳಕು ಇನ್ನೊಂದರ ಡಿಟೆಕ್ಟರಿಗೆ ಸೋರುವುದನ್ನು ಲೆಕ್ಕ ಹಾಕಿ ಕಳೆಯುವುದನ್ನು ಕಲಿಸುವವರು, "ನಿಮ್ಮ ಗ್ರಾಫ್ ಚೆನ್ನಾಗಿದೆ, ಆದರೆ ಅದು ಸತ್ತ ಕೋಶಗಳದ್ದು" ಅಂತ ಮುಖಕ್ಕೆ ಹೇಳುವವರು ಇವರೇ. ಅನೇಕ ಕಡೆ ಇವರಿಗೆ ಖಾಯಂ ಹುದ್ದೆಯೇ ಇಲ್ಲ. ಯಾವುದೋ ಪ್ರಾಜೆಕ್ಟಿನ ಮೂರು ವರ್ಷದ ಗುತ್ತಿಗೆ. ಪ್ರಾಜೆಕ್ಟ್ ಮುಗಿದ ದಿನ ಅವರ ಜೊತೆ ಅವರ ಅನುಭವವೂ ಗೇಟು ದಾಟುತ್ತದೆ. ಪ್ರಬಂಧದಲ್ಲಿ ಹೆಸರು ಬಂದರೆ ಕೊನೆಯ ಕೃತಜ್ಞತೆಯ ಸಾಲಿನಲ್ಲಿ.

ಹಳೇ ಮೈಸೂರಿನ ಕೆರೆಗಳ ಬಗ್ಗೆ ಓದಿದವರಿಗೆ ನೀರುಗಂಟಿ ನೆನಪಾಗಬಹುದು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ತೂಬು ಯಾವಾಗ ತೆಗೆಯಬೇಕು ಅಂತ ಗೊತ್ತಿದ್ದದ್ದು ಅವನಿಗೆ. ಊರಿನವರೆಲ್ಲ ಬೆಳೆಯಲ್ಲಿ ಪಾಲು ಕೊಟ್ಟು ಅವನನ್ನು ಇಟ್ಟುಕೊಳ್ಳುತ್ತಿದ್ದರು. ಬಹುತೇಕ ದಲಿತರೇ ಮಾಡಿದ ಈ ಕೆಲಸಕ್ಕೆ ಸಿಕ್ಕ ಮರ್ಯಾದೆ ಎಷ್ಟು ಅನ್ನುವುದು ಬೇರೆಯೇ ಕತೆ. ಆದರೆ ಎಲ್ಲರ ಆಸ್ತಿಯನ್ನು ನೋಡಿಕೊಳ್ಳಲು ಒಬ್ಬರು ಇರಲೇಬೇಕು, ಅವರಿಗೆ ಎಲ್ಲರೂ ಸೇರಿ ಕೊಡಬೇಕು ಅನ್ನುವುದಾದರೂ ಆ ವ್ಯವಸ್ಥೆಗೆ ಗೊತ್ತಿತ್ತು.

ಎರಡನೇ ಗಂಟು ಸರ್ವಿಸ್. ವಾರಂಟಿ ಮುಗಿದ ಮೇಲೆ ಬಿಡಿಭಾಗಗಳೂ ಸೇರಿದ ನಿರ್ವಹಣಾ ಒಪ್ಪಂದಕ್ಕೆ, ಅಂದರೆ ಸಿಎಂಸಿಗೆ, ವರ್ಷಕ್ಕೆ ಯಂತ್ರದ ಬೆಲೆಯ ಶೇ. 10ರ ಆಸುಪಾಸು ಹಣ ಬೇಕಾಗುವುದು ಅಪರೂಪವಲ್ಲ. 1 ಕೋಟಿಯ ಯಂತ್ರಕ್ಕೆ ವರ್ಷಕ್ಕೆ 10 ಲಕ್ಷ ಅಂತಿಟ್ಟುಕೊಳ್ಳಿ. ಅದರ ಮೇಲೆ ಜಿಎಸ್‌ಟಿ. ಯಂತ್ರ ಕೊಳ್ಳಲು ಬಂದ ಅನುದಾನ ಒಮ್ಮೆ ಬಂದು ಹೋಗುವಂಥದ್ದು. ಈ 10 ಲಕ್ಷ ಪ್ರತಿವರ್ಷ ಬರಬೇಕು, ಎಲ್ಲಿಂದ? ಸಂಬಳ-ಪಿಂಚಣಿಗೇ ಪರದಾಡುವ ರಾಜ್ಯ ವಿವಿಗಳ ಬಜೆಟ್ಟಿನಲ್ಲಿ ಈ ಸಾಲಿಗೆ ಜಾಗ ಸಿಗುವುದು ಕಷ್ಟ. ಒಪ್ಪಂದ ಇಲ್ಲದಿದ್ದರೆ ಎಂಜಿನಿಯರ್ ಬಂದು ಹೋಗಿದ್ದಕ್ಕೇ ಬಿಲ್, ಲೇಸರ್ ಹೋಗಿದ್ದರೆ ಅದಕ್ಕೆ ಲಕ್ಷಗಳ ಬಿಲ್, ಆ ಭಾಗ ವಿದೇಶದಿಂದ ಬರುವವರೆಗೆ ವಾರಗಟ್ಟಲೆ ಕಾಯಬೇಕು.

ಹೊರಗಿನವರ ಹತ್ತಿರ ರಿಪೇರಿ ಮಾಡಿಸೋಣ ಅಂದರೆ, ಸರ್ವಿಸ್ ಸಾಫ್ಟ್‌ವೇರಿಗೆ ಕಂಪನಿಯ ಪಾಸ್‌ವರ್ಡ್. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿತಲ್ಲ, ಅದು ಆರಿಸಿಕೊಂಡದ್ದು ನಾಲ್ಕು ವಲಯ: ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ. ಜನರ ತೆರಿಗೆಯಿಂದ ಕೊಂಡ ವಿಜ್ಞಾನದ ಯಂತ್ರಗಳು ಆ ಪಟ್ಟಿಯಲ್ಲಿಲ್ಲ.

ಹಂಚಿಕೊಳ್ಳುವ ನೀತಿಯೇ ನಮ್ಮಲ್ಲಿ ಇಲ್ಲ ಅಂತಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 70ರ ದಶಕದಲ್ಲೇ ಪ್ರಾದೇಶಿಕ ಉಪಕರಣ ಕೇಂದ್ರಗಳನ್ನು ಆರಂಭಿಸಿತ್ತು. ಇವತ್ತಿನ ಸೈಫ್ ಕೇಂದ್ರಗಳ ಮೂಲ ಅದು. ಧಾರವಾಡದ ಕರ್ನಾಟಕ ವಿವಿಯಲ್ಲೂ ಒಂದು ಸೈಫ್ ಇದೆ. ಯುಜಿಸಿ ವಿಶ್ವವಿದ್ಯಾಲಯಗಳೊಳಗೇ ಯುಸಿಕ್ ಎಂಬ ಘಟಕಗಳನ್ನು ಕಟ್ಟಿಸಿತು. ಉಪಕರಣಗಳನ್ನು ನಮ್ಮವರೇ ರಿಪೇರಿ ಮಾಡಬೇಕು, ನಿರ್ವಹಿಸಬೇಕು ಅನ್ನುವುದು ಅದರ ಉದ್ದೇಶಗಳಲ್ಲೊಂದು. ಒಳ್ಳೆಯ ಯೋಚನೆ ಅಲ್ವಾ? ಅದನ್ನು ಬೆಳೆಸುವ ಬದಲು ಈಗ ನಾವು ಪೋರ್ಟಲ್‌ಗಳಿಗೆ ಬಂದು ನಿಂತಿದ್ದೇವೆ. 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್‌ನಲ್ಲಿ ಪ್ರಧಾನಿ ಐ-ಸ್ಟೆಮ್ ಪೋರ್ಟಲ್‌ಗೆ ಚಾಲನೆ ಕೊಟ್ಟರು. ಯಾವ ಯಂತ್ರ ಎಲ್ಲಿದೆ ಅಂತ ನೋಡಿ ಬುಕ್ ಮಾಡಬಹುದು. ಉಪಯುಕ್ತವೇ.

ಆದರೆ ಎಲ್ಲ ಯಂತ್ರಗಳೂ ಒಂದೇ ಥರ ಅಲ್ಲ. ಒಂದು ಪುಡಿಯ ಹರಳಿನ ರಚನೆ ನೋಡಿಸಬೇಕಾದರೆ ಅದನ್ನು ಪೊಟ್ಟಣ ಕಟ್ಟಿ ಕೊರಿಯರ್ ಮಾಡಿದರೆ ಆಯ್ತು. ಜೀವಂತ ಕೋಶಗಳನ್ನು ಹಾಗೆ ಕಳಿಸಲಾಗದು. ರಕ್ತದ ಮಾದರಿಯನ್ನು ಒಂದೆರಡು ದಿನದೊಳಗೆ ಓಡಿಸಬೇಕು, ಕೆಲವು ಪ್ರಯೋಗಗಳಿಗೆ ಕೆಲವೇ ಗಂಟೆ. ರಾಸಾಯನಿಕ ಹಾಕಿ ಕೋಶಗಳನ್ನು ಸ್ಥಿರಗೊಳಿಸಿ ಕಳಿಸಬಹುದಾದ ಪ್ರಯೋಗಗಳಿವೆ, ಕೋಶ ಜೀವಂತವಾಗಿಯೇ ಇರಬೇಕಾದ ಪ್ರಯೋಗಕ್ಕೆ ಆ ದಾರಿಯಿಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ, ಎನ್‌ಸಿಬಿಎಸ್‌ನಲ್ಲಿ ಚೆನ್ನಾಗಿ ನಡೆಯುವ ಫ್ಲೋ ಸೈಟೋಮೆಟ್ರಿ ಕೇಂದ್ರಗಳಿವೆ. ಕಲಬುರಗಿಯ ಪಿಎಚ್‌ಡಿ ವಿದ್ಯಾರ್ಥಿನಿ ಅಲ್ಲಿ ಸ್ಲಾಟ್ ಪಡೆದರೂ ಐಸ್ ಪೆಟ್ಟಿಗೆ ಹಿಡಿದು ರಾತ್ರಿಯಿಡೀ ರೈಲಿನಲ್ಲಿ ಬರಬೇಕು. ಬೆಳಿಗ್ಗೆ ಅರ್ಧ ಕೋಶ ಸತ್ತಿದ್ದರೆ? ಮತ್ತೆ ಟಿಕೆಟ್, ಮತ್ತೆ ಗಂಟೆಯ ಲೆಕ್ಕದ ಶುಲ್ಕ. ಕ್ರಮೇಣ ಆಕೆಯೇ ಅಂಥ ಪ್ರಶ್ನೆ ಕೇಳುವುದನ್ನು ಬಿಟ್ಟು, ತನ್ನ ವಿಭಾಗದಲ್ಲಿರುವ ಸಾಮಾನುಗಳಿಂದ ಉತ್ತರಿಸಬಹುದಾದ ಪ್ರಶ್ನೆ ಆರಿಸಿಕೊಳ್ಳುತ್ತಾಳೆ. ಯಾವ ಊರಿನವರು ಯಾವ ವಿಜ್ಞಾನ ಮಾಡಬಹುದು ಅನ್ನುವುದು ಹೀಗೂ ತೀರ್ಮಾನವಾಗುತ್ತದೆ.

ಸರ್ಕಾರದ ಸುಧಾರಣೆಗಳ ದಿಕ್ಕು ನೋಡಿ. 2022ರ ಜುಲೈಯಲ್ಲಿ ಸಂಶೋಧನಾ ಸಂಸ್ಥೆಗಳ ಉಪಕರಣಗಳಿಗಿದ್ದ ಶೇ. 5ರ ಜಿಎಸ್‌ಟಿ ರಿಯಾಯಿತಿ ತೆಗೆದು ತೆರಿಗೆಯನ್ನು ಶೇ. 18ರವರೆಗೆ ಏರಿಸಿದರು. ಅದು ಹೊಡೆತ. 2025ರ ಜೂನ್‌ನಲ್ಲಿ ಜೆಮ್ ಪೋರ್ಟಲ್‌ನ ಹೊರಗೂ ವೈಜ್ಞಾನಿಕ ಉಪಕರಣ ಖರೀದಿಸಲು ಕೇಂದ್ರದ ಸಂಸ್ಥೆಗಳ ಮುಖ್ಯಸ್ಥರಿಗೆ ಅವಕಾಶ ಕೊಟ್ಟರು. ಅದು ನಿರಾಳ. ಆದರೆ ಎರಡೂ ಖರೀದಿಯ ಸುತ್ತಲಿನ ಮಾತೇ. ಐದನೇ ವರ್ಷ ಆ ಯಂತ್ರದ ಮುಂದೆ ಯಾರು ಕೂತಿರುತ್ತಾರೆ ಅನ್ನುವುದು ಎರಡರಲ್ಲೂ ಇಲ್ಲ. ಬ್ರಿಟನ್ನಿನಲ್ಲಿ 2017ರಿಂದ 'ಟೆಕ್ನಿಷಿಯನ್ ಕಮಿಟ್‌ಮೆಂಟ್' ಅನ್ನುವ ಒಪ್ಪಂದಕ್ಕೆ ವಿಶ್ವವಿದ್ಯಾಲಯಗಳು ಸಹಿ ಹಾಕುತ್ತಿವೆ. ತಂತ್ರಜ್ಞರ ವೃತ್ತಿ ಬೆಳವಣಿಗೆಗೆ, ಮಾನ್ಯತೆಗೆ ಏನು ಮಾಡುತ್ತೇವೆ ಅಂತ ಅವು ಬರೆದು ಕೊಡಬೇಕು. ಅಲ್ಲೇನು ಸ್ವರ್ಗ ಇಳಿದಿಲ್ಲ. ಆದರೂ ಪ್ರಶ್ನೆಯನ್ನಾದರೂ ಕೇಳಿಕೊಂಡಿದ್ದಾರೆ.

ನಿಮ್ಮ ವಿವಿಯಲ್ಲಿ ಇಂಥ ಕೇಂದ್ರವಿದ್ದರೆ ಆರ್‌ಟಿಐ ಅರ್ಜಿಗೆ 10 ರೂಪಾಯಿ ಸಾಕು. ಲಾಗ್‌ಬುಕ್ ಪ್ರಕಾರ ಕಳೆದ ವರ್ಷ ಯಂತ್ರ ಎಷ್ಟು ಗಂಟೆ ಓಡಿತು? ಸಿಎಂಸಿ ಯಾವ ತಾರೀಖಿಗೆ ಮುಗಿಯಿತು, ನವೀಕರಣದ ಕಡತ ಯಾರ ಟೇಬಲ್ಲಿನಲ್ಲಿದೆ? ಬಳಕೆದಾರರಿಂದ ಬಂದ ಶುಲ್ಕ ಕೇಂದ್ರಕ್ಕೇ ವಾಪಸ್ ಬರುತ್ತದಾ, ಇಲ್ಲ ವಿವಿಯ ಸಾಮಾನ್ಯ ಖಾತೆಯಲ್ಲಿ ಕರಗುತ್ತದಾ? ಆಪರೇಟರ್ ಹುದ್ದೆ ಮಂಜೂರಾಗಿದೆಯಾ, ಇದ್ದವರ ಗುತ್ತಿಗೆ ಯಾವತ್ತು ಮುಗಿಯುತ್ತದೆ? ಕೊನೆಯ ಪ್ರಶ್ನೆಯ ಉತ್ತರ ಮೊದಲು ಓದಿ, ಉಳಿದ ಮೂರರ ಉತ್ತರ ಬಹುತೇಕ ಅದರಲ್ಲೇ ಇರುತ್ತದೆ.