ಬಿಳಿ ಬೂಟಿಗೆ ಬಣ್ಣ: ಇಬ್ಬರ ಕೈಚಳಕ, ಒಂದು ಜೋಡಿ

ಶಾಲೆಯ ಕವಾಯತಿಗೆಂದು ಕೊಂಡ ಬಿಳಿ ಕ್ಯಾನ್ವಾಸ್ ಬೂಟುಗಳು ಹತ್ತನೆಯ ತರಗತಿಯ ಪರೀಕ್ಷೆ ಮುಗಿದೊಡನೆ ಮೂಲೆ ಸೇರುತ್ತವೆ. ಅಟ್ಟೆ ಸವೆದಿರುವುದಿಲ್ಲ, ಕಾಲಿಗೂ ಹಿಡಿಸುತ್ತವೆ. ಆದರೆ ಸಮವಸ್ತ್ರವಿಲ್ಲದೆ ಅವನ್ನು ತೊಡಲು ಮನಸ್ಸು ಬಾರದು. ಬೇರೆ ಬೇರೆ ಕಾಲೇಜುಗಳತ್ತ ಹೊರಟ ಗೆಳತಿಯರು ಒಬ್ಬರ ಬೂಟಿನ ಮೇಲೆ ಇನ್ನೊಬ್ಬರು ಚಿತ್ರ ಬರೆದುಕೊಡುವುದುಂಟು. ಅಗಲಿಕೆಯ ನೆನಪಿಗೆಂದು ಬರೆದ ಆ ಚಿತ್ರ ಹದಿನೈದೇ ದಿನಗಳಲ್ಲಿ ಚಕ್ಕೆಯೆದ್ದು ಉದುರಿದರೆ ಆಗುವ ಬೇಸರ ಸಣ್ಣದಲ್ಲ. ಇಂತಹ ಸೋಲಿಗೆ ಹೆಚ್ಚಿನ ವೇಳೆ ಕಾರಣವಾಗುವುದು ಕೈಯ ದೋಷವಲ್ಲ. ಬಟ್ಟೆ ಮತ್ತು ಬಣ್ಣಗಳ ಸ್ವಭಾವವನ್ನು ಅರಿಯದಿರುವುದು.

ಮೊದಲು ಸ್ನಾನ, ಬಳಿಕ ಅಲಂಕಾರ

ಕ್ಯಾನ್ವಾಸ್ ಎಂಬುದು ದಪ್ಪ ನೂಲಿನ ಒತ್ತಾದ ನೇಯ್ಗೆ. ಬಣ್ಣವು ನೂಲಿನ ಎಳೆಗಳ ನಡುವೆ ಇಳಿದು ಹಿಡಿದುಕೊಂಡರೆ ಮಾತ್ರ ಬಾಳುತ್ತದೆ. ಹೊಸ ಬೂಟಿನಲ್ಲಿ ಕಾರ್ಖಾನೆಯ ಗಂಜಿ ಇದಕ್ಕೆ ಅಡ್ಡಿಯಾಗಬಹುದು. ಹಳೆಯ ಬೂಟಿನಲ್ಲಿ ಅಡ್ಡಿ ಬೇರೆಯದು: ವಾರವಾರವೂ ಬಳಿದ ಬಿಳಿ ಪಾಲಿಶ್. ಆ ಪುಡಿಯ ಪದರದ ಮೇಲೆ ಬಳಿದ ಬಣ್ಣವು ಬಟ್ಟೆಯನ್ನು ಮುಟ್ಟುವುದೇ ಇಲ್ಲ. ಪುಡಿ ಉದುರುವಾಗ ತಾನೂ ಉದುರುತ್ತದೆ. ಆದ್ದರಿಂದ ಲೇಸು ಬಿಚ್ಚಿ, ಸಾಬೂನು ನೀರಿನಲ್ಲಿ ಉಜ್ಜಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸುವುದು ಮೊದಲ ಕೆಲಸ. ಬಳಿಕ ಒಳಗೆ ಹಳೆಯ ವೃತ್ತಪತ್ರಿಕೆ ತುರುಕಿದರೆ ಬೂಟು ಆಕಾರ ಬಿಡದೆ ನಿಲ್ಲುತ್ತದೆ.

ಬಣ್ಣ ಏಕೆ ಬಿರಿಯುತ್ತದೆ?

ಆಕ್ರಿಲಿಕ್ ಬಣ್ಣದಲ್ಲಿ ಪ್ಲಾಸ್ಟಿಕ್ ಗುಣದ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಅವು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಒಮ್ಮೆ ಒಣಗಿದ ಈ ಪೊರೆ ನೀರಿನಲ್ಲಿ ಕರಗದು. ಆದರೆ ದಪ್ಪವಾಗಿದ್ದಷ್ಟೂ ಬಾಗಿದಾಗ ಬಿರಿಯುತ್ತದೆ. ಒಂದೇ ದಪ್ಪ ಲೇಪಕ್ಕಿಂತ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಹಾಕಿದ ಎರಡು ಮೂರು ತೆಳು ಲೇಪಗಳು ಮೇಲು. ಬಟ್ಟೆಗೆಂದೇ ಮಾರುವ ಫ್ಯಾಬ್ರಿಕ್ ಬಣ್ಣ ಹೆಚ್ಚು ಮೆದುವಾಗಿರುತ್ತದೆ. ಅಟ್ಟೆಯ ರಬ್ಬರಿನ ಮೇಲೆ ಮಾತ್ರ ಇವಾವುವೂ ಬಹುಕಾಲ ನಿಲ್ಲವು.

ಮಾರ್ಕರ್ ಪೆನ್ನಿನದು ಇನ್ನೊಂದು ತೊಡಕು. ಅದರ ಶಾಯಿ ನೂಲಿನ ಗುಂಟ ಹರಿದು ಗೆರೆಯ ಅಂಚನ್ನು ಕದಡುತ್ತದೆ. ಬೂಟಿನ ನಾಲಿಗೆಯ ಒಳಬದಿಯಲ್ಲಿ, ಯಾರಿಗೂ ಕಾಣದೆಡೆ, ಒಂದು ಗೆರೆ ಎಳೆದು ಪರೀಕ್ಷಿಸಿಕೊಳ್ಳುವುದು ಜಾಣತನ. ಚರ್ಮದ ಬೂಟಿನ ನಿಯಮವೇ ಬೇರೆ. ಅದರ ಹೊಳಪಿನ ಪದರವನ್ನು ಅಸಿಟೋನಿನಿಂದ ತೆಗೆದ ಹೊರತು ಬಣ್ಣ ಹಿಡಿಯದು. ಅಸಿಟೋನ್ ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ದೀಪ, ಒಲೆಗಳಿಂದ ದೂರ, ಗಾಳಿಯಾಡುವ ಜಾಗದಲ್ಲಿ, ಹಿರಿಯರ ಎದುರಿನಲ್ಲಿಯೇ ಬಳಸಬೇಕು.

ಇನ್ನೊಂದು ಕೈ ಏಕೆ ಬೇಕು?

ಗೆಳತಿಯ ನೆರವು ಬರಿಯ ಜೊತೆಗಾರಿಕೆಯಲ್ಲ. ಮೇಜಿನ ಮೇಲಿಟ್ಟ ಬೂಟು ಎಲ್ಲಿ ಮಡಿಯುತ್ತದೆಂದು ತಿಳಿಯದು. ಒಬ್ಬಳು ತೊಟ್ಟು ಹಿಮ್ಮಡಿ ಎತ್ತಿ ನಿಂತಾಗ ಬೆರಳುಗಳ ಹಿಂದೆ ಮೂಡುವ ಸುಕ್ಕನ್ನು ಇನ್ನೊಬ್ಬಳು ಪೆನ್ಸಿಲಿನಿಂದ ಗುರುತಿಸಬೇಕು. ಆ ಪಟ್ಟಿಯಲ್ಲಿ ತುಂಬು ಬಣ್ಣ ಬೇಡ, ಬಿಡಿ ಚುಕ್ಕೆ ಸಾಕು. ಮುಖ, ಹೆಸರು, ಹೂವುಗಳಿಗೆ ಹಿಮ್ಮಡಿ ಮತ್ತು ಪಕ್ಕಗಳೇ ಸುರಕ್ಷಿತ ಸ್ಥಳ. ಎಡಗಾಲಿನ ಚಿತ್ರ ಬಲಗಾಲಿಗೆ ಕನ್ನಡಿಯಂತೆ ತಿರುಗಬೇಕಾದ್ದರಿಂದ, ಎರಡನ್ನೂ ಎದುರಿಗಿಟ್ಟು ನೋಡುವ ಇನ್ನೊಂದು ಜೋಡಿ ಕಣ್ಣು ತಪ್ಪನ್ನು ಬೇಗ ಹಿಡಿಯುತ್ತದೆ.

ಮಾದರಿ ಮನೆಯಂಗಳದಲ್ಲೇ ಇದೆ

ವಿನ್ಯಾಸಕ್ಕಾಗಿ ದೂರ ಹೋಗಬೇಕಿಲ್ಲ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಬಣ್ಣದಿಂದ, ಪುಂಡಿ ನಾರಿನ ಕುಂಚ ಹಿಡಿದು ಬರೆಯುವ ಹಸೆ ಚಿತ್ತಾರದ ನೇರ ಗೆರೆಗಳು ಕ್ಯಾನ್ವಾಸ್ ನೇಯ್ಗೆಗೆ ಚೆನ್ನಾಗಿ ಒಗ್ಗುತ್ತವೆ. ಧಾರವಾಡ ಸೀಮೆಯ ಕಸೂತಿಯ ಗೋಪುರ, ತೇರು, ಆನೆಗಳನ್ನೂ ಬಣ್ಣದಲ್ಲಿ ಮೂಡಿಸಬಹುದು. ಸೂಜಿಯಿಂದಲೇ ಹೊಲಿಯುವ ಆಸೆಯಿದ್ದರೆ ಮಿತಿಯನ್ನು ಅರಿತಿರಬೇಕು. ಗವಂತಿ, ಮುರಗಿ ಹೊಲಿಗೆಗಳು ಎಳೆ ಎಣಿಸಿ, ಗಂಟಿಲ್ಲದೆ, ಎರಡೂ ಬದಿ ಒಂದೇ ಆಗಿ ಬರುವಂಥವು. ಸಿದ್ಧವಾದ ಬೂಟಿನ ಮುಂಭಾಗದೊಳಗೆ ಕೈ ಹೋಗದು. ಅಸ್ತರಿನ ಬಟ್ಟೆ ಬೇರೆ ಅಡ್ಡ. ಹೀಗಾಗಿ ನಾಲಿಗೆ ಮತ್ತು ಕಣಕಾಲಿನ ಅಂಚಿನಲ್ಲಷ್ಟೇ ಸೂಜಿ ಆಡಿಸಲು ಸಾಧ್ಯ. ಇಂತಹ ಬೂಟುಗಳನ್ನು ಮಾರುವವರು ಮಾದರಿ ಯಾವ ಜನರ ಕಲೆಯದೆಂಬುದನ್ನು ಕೊಳ್ಳುವವರಿಗೆ ತಿಳಿಸುವುದು ನ್ಯಾಯ.

ಬಾಳಿಕೆಯ ಗುಟ್ಟು

ಚಿತ್ರ ಮುಗಿದೊಡನೆ ತೊಡುವ ಅವಸರ ಬೇಡ. ಒಣಗಿಸುವ ಅವಧಿ ಮತ್ತು ಶಾಖದ ಕ್ರಮವನ್ನು ಬಣ್ಣದ ಸೀಸೆಯ ಮೇಲೆಯೇ ಮುದ್ರಿಸಿರುತ್ತಾರೆ. ಫ್ಯಾಬ್ರಿಕ್ ಬಣ್ಣಕ್ಕೆ ಸಾಮಾನ್ಯವಾಗಿ ಇಸ್ತ್ರಿಯ ಶಾಖ ಬೇಕು. ಬೂಟಿಗೆ ಇಸ್ತ್ರಿ ತಾಗುವೆಡೆ ಮೇಲೊಂದು ಬಟ್ಟೆಯ ತುಂಡು ಹಾಸಿ ಒತ್ತಬಹುದು, ತಾಗದೆಡೆ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಾಯಿಸಬಹುದು. ಶಾಖ ಮಿತಿ ಮೀರಿದರೆ ಅಟ್ಟೆಯ ಅಂಟು ಸಡಿಲಗೊಳ್ಳುತ್ತದೆ. ಮುಂದೆ ತೊಳೆಯುವಾಗ ಯಂತ್ರ, ಬಿಸಿನೀರು ಎರಡೂ ಸಲ್ಲ. ಮೆದು ಬ್ರಷ್ಷು, ತಣ್ಣೀರು ಸಾಕು.

ಇಷ್ಟೆಲ್ಲ ಎಚ್ಚರ ವಹಿಸಿದರೂ ನಡೆದಂತೆ ಚಿತ್ರ ಸವೆಯುವುದು ನಿಶ್ಚಿತ. ಹಾಗೆಂದು ಪೆಟ್ಟಿಗೆಯಲ್ಲಿ ಕಾಪಿಡುವುದರಲ್ಲಿ ಅರ್ಥವಿಲ್ಲ. ಉಳಿದ ಬಣ್ಣವನ್ನು ಮುಚ್ಚಳ ಬಿಗಿದು ತೆಗೆದಿಟ್ಟರೆ, ಮುಂದಿನ ರಜೆಗೆ ಗೆಳತಿ ಊರಿಗೆ ಬಂದಾಗ ಮಾಸಿದ ಗೆರೆಗಳನ್ನು ಅದೇ ಕೈಯಿಂದ ಮತ್ತೆ ತಿದ್ದಿಸಿಕೊಳ್ಳಬಹುದು.